ಕಸದ ರಾಶಿಯಲ್ಲಿ ಕೋಬಾಲ್ಟ್

ನಮ್ಮ ಅಬ್ಬಾ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ರಾತ್ರಿ ಬಾಗಿಲು ಹಾಕುವಾಗ ಹಾಳಾದ ಬ್ಯಾಟರಿಗಳನ್ನು ಕಸದ ಜೊತೆ ಹೊರಗಿಡುತ್ತಿದ್ದವನು ನಾನೇ. ಒಂದು ದಿನ ಆ ಕಸದ ರಾಶಿ ಹೊತ್ತಿ ಉರಿಯಿತು. ಸದ್ಯ, ಯಾರಿಗೂ ಏನೂ ಆಗಲಿಲ್ಲ.

ಆ ಬ್ಯಾಟರಿಗಳಲ್ಲಿ ಲಿಥಿಯಂ, ಕೋಬಾಲ್ಟ್, ತಾಮ್ರ ಇರುತ್ತವೆ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಬಾಲ್ಟ್ ಬರುವುದು ಕಾಂಗೋದ ಗಣಿಗಳಿಂದ. ಅಲ್ಲಿ ಮಕ್ಕಳೂ ದುಡಿಯುತ್ತಾರೆ. ಹಳೆಯ ಬ್ಯಾಟರಿಗಳನ್ನು ಕುಲುಮೆಯಲ್ಲಿ ಕರಗಿಸಿದರೆ ಕೋಬಾಲ್ಟ್ ಸಿಗುತ್ತದೆ, ಆದರೆ ಲಿಥಿಯಂ ಬಹುಪಾಲು ಕಿಟ್ಟದಲ್ಲೇ ಉಳಿಯುತ್ತದೆ. ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಎರಡನ್ನೂ ಹೊರತೆಗೆಯಬಹುದೆಂದು ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಮನೆಯಲ್ಲಿ ಮಾತ್ರ ಯಾರೂ ಬ್ಯಾಟರಿ ಬಿಚ್ಚಬೇಡಿ!

2022ರ ನಿಯಮದಂತೆ ಹಳೆಯ ಬ್ಯಾಟರಿಗಳನ್ನು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಆದರೆ ನಾವು ಕಸಕ್ಕೆ ಎಸೆದರೆ ಅವು ಅವರ ಕೈ ಸೇರುವುದು ಹೇಗೆ?

ಕೆಮಿಸ್ಟ್ರಿ ಲ್ಯಾಬ್ ಹಿಂದೆ, ನೆರಳಿನಲ್ಲಿ, ಮರಳು ತುಂಬಿದ ಒಂದು ತಗಡಿನ ಡಬ್ಬ ಇಡಬೇಕೆಂದು ಪ್ರಿನ್ಸಿಪಾಲರಲ್ಲಿ ನನ್ನ ವಿನಂತಿ. ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ ಹಾಕೋಣ. ಡಬ್ಬ ತುಂಬಿದಾಗ ನೋಂದಾಯಿತ ಮರುಬಳಕೆ ಘಟಕಕ್ಕೆ ಕೊಡೋಣ. ಮೊದಲ ಕಂತು ನಮ್ಮ ಅಂಗಡಿಯಿಂದಲೇ. ಅಬ್ಬಾ ಒಪ್ಪಿದ್ದಾರೆ.