ಹಸಿರು ಚುಕ್ಕೆಯೂ ಬಸದಿಯ ಪಾಕಶಾಲೆಯೂ

ಪಂಚಕಲ್ಯಾಣ, ರಥೋತ್ಸವಗಳಲ್ಲಿ ಸಾವಿರಾರು ಮಂದಿಗೆ ಅನ್ನವಿಕ್ಕುವ ಬಸದಿಯ ಪಾಕಶಾಲೆಗೆ ಸರ್ಕಾರದ ನೋಂದಣಿ ಏಕೆ ಎಂದು ಕೇಳುವ ಆಡಳಿತ ಮಂಡಳಿಗಳುಂಟು. ಸೋಸಿದ ನೀರು, ಕಂದಮೂಲವಿಲ್ಲದ ಅಡುಗೆ, ಸೂರ್ಯಾಸ್ತಕ್ಕೆ ಮೊದಲೇ ಭೋಜನ; ಇದಕ್ಕಿಂತ ದೊಡ್ಡ ಪರವಾನಗಿ ಯಾವುದು ಎಂಬುದು ಅವರ ವಾದ. ಶ್ರದ್ಧೆಯ ಮಾತಿನಂತೆ ತೋರಿದರೂ ಇದರೊಳಗೆ ಅಡಗಿರುವುದು ಆಲಸ್ಯ.

ಲಾಭಕ್ಕಾಗಿ ನಡೆಯಲಿ, ನಡೆಯದಿರಲಿ, ಆಹಾರ ಒದಗಿಸುವ ಸಂಸ್ಥೆಗಳೆಲ್ಲವೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಧಾರ್ಮಿಕ ಸಮಾರಂಭಗಳಲ್ಲಿ ಆಹಾರ ಹಂಚುವ ಸಣ್ಣ ಪ್ರಮಾಣದವರನ್ನೂ 2011ರ ನಿಯಮಾವಳಿ ನೋಂದಣಿಗೆ ಒಳಪಡಿಸಿತು. ಇದು ಧರ್ಮದಲ್ಲಿ ಹಸ್ತಕ್ಷೇಪವೆಂಬ ಕೂಗಿಗೆ ಅರ್ಥವಿಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಅನ್ನ ಬೆಂದ ಮೇಲೂ ಉಳಿಯಬಲ್ಲವು. ಬೆಳಗ್ಗೆ ಬಸಿದ ಅನ್ನ ಮಧ್ಯಾಹ್ನ ಕಳೆಯುವವರೆಗೆ ಕೊಪ್ಪರಿಗೆಯಲ್ಲಿ ಉಗುರುಬೆಚ್ಚಗೆ ಉಳಿದರೆ ಅವು ಮೊಳೆತು ವಿಷ ಉತ್ಪತ್ತಿಯಾಗಬಹುದು. ವಾಂತಿ ತರುವ ಆ ವಿಷ ಮರಳಿ ಕಾಯಿಸಿದರೂ ನಾಶವಾಗದು. ಸೋಸುವ ಬಟ್ಟೆ ಇದನ್ನು ತಡೆಯಲಾರದು. ಪ್ರಮಾದದಿಂದಾಗುವ ಪ್ರಾಣಘಾತವೇ ಹಿಂಸೆ ಎಂದು ಬೋಧಿಸುವ ಧರ್ಮದ ಅಂಗಳದಲ್ಲಿ ಉಂಡವನು ಆಸ್ಪತ್ರೆ ಸೇರಿದರೆ, ಅವನ ಕರ್ಮವೆಂದು ಕೈತೊಳೆದುಕೊಳ್ಳಲಾದೀತೆ?

ಪೂರ್ವಜರು ಇಷ್ಟು ಉದಾಸೀನರಾಗಿರಲಿಲ್ಲ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆಯನ್ನು ವಿಧಿಸಿದ್ದರು. ಪೊಟ್ಟಣದ ಮೇಲೆ ದಿನಾಂಕ ಮುದ್ರಿಸುವ ಕಾನೂನಿಗಿಂತ ಎಷ್ಟೋ ಹಿಂದಿನ ಮಾತಿದು. ಇಂದು ಎಷ್ಟು ಪಾಕಶಾಲೆಗಳ ಹಿಟ್ಟಿನ ಮೂಟೆಯ ಮೇಲೆ ಬೀಸಿದ ದಿನ ಬರೆದಿದೆ?

ಗೃಹಸ್ಥರ ಭ್ರಮೆ ಇನ್ನೊಂದು ಬಗೆಯದು. ಅವರಿಗೆ ಹಸಿರು ಚುಕ್ಕೆ ಕಂಡೊಡನೆ ನಿಶ್ಚಿಂತೆ. ಆದರೆ ಮಾಂಸಾಹಾರದ ಕಾನೂನಿನ ವ್ಯಾಖ್ಯೆಯು ಹಾಲಿನೊಡನೆ ಜೇನು, ಜೇನುಮೇಣ, ಅರಗುಗಳನ್ನೂ ಹೊರಗಿಟ್ಟಿದೆ. ಮದ್ಯ, ಮಾಂಸ, ಮಧುಗಳ ತ್ಯಾಗವೇ ಶ್ರಾವಕನ ಮೂಲಗುಣವೆಂದು ಮಕ್ಕಳಿಗೆ ಕಲಿಸುವ ಮನೆಯೊಳಗೆ ಮಧುವೇ ಹಸಿರು ಚುಕ್ಕೆ ಧರಿಸಿ ಬರುತ್ತದೆ! ಇ 631 ಎಂಬ ರುಚಿವರ್ಧಕ ಮಾಂಸ, ಮೀನುಗಳಿಂದಲೂ ತಯಾರಾಗಬಲ್ಲದು, ಸಸ್ಯದಿಂದಲೂ ಆಗಬಲ್ಲದು. ಇಂತಹ ಘಟಕಗಳ ಸಂಕೇತ ಸಂಖ್ಯೆ ಸಾಲದು, ಮೂಲವನ್ನೂ ತಿಳಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಆದೇಶಿಸಿದ್ದು 2021ರ ಡಿಸೆಂಬರಿನಲ್ಲಿ. ಚುಕ್ಕೆ ಜಾರಿಗೆ ಬಂದು ಆಗಲೇ ಎರಡು ದಶಕಗಳಾಗಿದ್ದವು.

ಅಧಿಕಾರಿ ಅನ್ನದ ಬಿಸಿಯನ್ನು ಅಳೆಯುತ್ತಾನೆ, ವ್ರತವನ್ನು ಅಳೆಯಲಾರ. ಶ್ರಾವಕ ಜೇನನ್ನು ಗುರುತಿಸುತ್ತಾನೆ, ಬೀಜಾಣುವನ್ನು ಕಾಣಲಾರ. ಸಾಮಗ್ರಿ ಮಾರುವವನಿಂದ ಘಟಕಗಳ ಮೂಲವನ್ನು ಬರಹದಲ್ಲಿ ಪಡೆಯುವುದು, ಅನ್ನ ಬೇಯಿಸಿದ ಗಂಟೆಯನ್ನೂ ಬಡಿಸಿದ ಗಂಟೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು, ಇವು ಮಂಡಳಿಗಳ ಕೈಯಲ್ಲೇ ಇವೆ. ದಾನಿಗಳ ಹೆಸರಿಗಾಗಿ ಅಮೃತಶಿಲೆಯ ಫಲಕ ಕೆತ್ತಿಸುವವರಿಗೆ ಆ ಪುಸ್ತಕದ ವೆಚ್ಚ ಭಾರವಾಗಲಾರದು.