ಒಂದೇ ಬಾವಿಯ ತೋಟ

ನಮ್ಮ ಕಾಲೇಜಿನ ಖೋ-ಖೋ ಪಂದ್ಯವನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಪಂದ್ಯ ನಿಂತುಹೋದರೆ ಆಡುವ ನಮಗೆ ಬೇಸರವಾದೀತೇ ಹೊರತು ಕಾಲೇಜಿಗೆ ಬಿಡಿಗಾಸಿನ ನಷ್ಟವೂ ಆಗದು. ಆದುದರಿಂದ, ಒಂದು ಆಟ ನಿಂತಿತೆಂದು ಅಮೆರಿಕದ ವಿಶ್ವವಿದ್ಯಾನಿಲಯಗಳು ಕೋಟ್ಯಂತರ ಡಾಲರುಗಳ ನಷ್ಟದ ಲೆಕ್ಕ ಹಾಕಿದುವೆಂದು ಓದಿದಾಗ ನನಗೆ ಮೊದಲು ಬಂದದ್ದು ನಗು. ಓದುತ್ತ ಹೋದಂತೆ ಆ ನಗು ಮಾಯವಾಯಿತು.

ಅಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದ್ದು ಆಡುವ ಚೆಂಡಾಟವಲ್ಲ; ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ಭೇದಿಸಿಕೊಂಡು ಓಡುವ ಆಟ. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣವೊಂದರಲ್ಲೇ 1,07,601 ಆಸನಗಳಿವೆ. ಟಿಕೆಟ್, ದೂರದರ್ಶನದ ಪ್ರಸಾರದ ಹಕ್ಕು, ಅಭಿಮಾನಿಗಳ ದೇಣಿಗೆ, ಹೀಗೆ ಬರುವ ಹಣದಿಂದಲೇ ಅಂಥ ದೊಡ್ಡ ಸಂಸ್ಥೆಗಳಲ್ಲಿ ಈಜು, ಟೆನಿಸ್, ಜಿಮ್ನಾಸ್ಟಿಕ್ಸ್ ಮೊದಲಾದ, ಸಾಮಾನ್ಯವಾಗಿ ಗಳಿಕೆಯಿಲ್ಲದ ಆಟಗಳೂ ನಡೆಯುತ್ತವೆ. ಒಂದೇ ಬಾವಿಯ ನೀರನ್ನು ಹತ್ತು ಪಾತಿಗಳಿಗೆ ಹಾಯಿಸಿದ ತೋಟವದು.

2020ರಲ್ಲಿ ಕೋವಿಡ್ ಬಂದಿತು. ಆಗಸ್ಟ್ 11ರಂದು ‘ಬಿಗ್ ಟೆನ್’ ಮತ್ತು ‘ಪ್ಯಾಕ್-12’ ಎಂಬ ಎರಡು ದೊಡ್ಡ ಕ್ರೀಡಾ ಒಕ್ಕೂಟಗಳು ಆ ಶರತ್ಕಾಲದ ಫುಟ್‌ಬಾಲನ್ನು ಮುಂದೂಡಿದುವು. ಹತ್ತೇ ದಿನಗಳಲ್ಲಿ ಅಯೋವಾ ವಿಶ್ವವಿದ್ಯಾನಿಲಯವು ಸುಮಾರು 10 ಕೋಟಿ ಡಾಲರ್ ಆದಾಯ ಕೈತಪ್ಪಲಿದೆಯೆಂದು ಅಂದಾಜು ಮಾಡಿ, ಪುರುಷರ ಜಿಮ್ನಾಸ್ಟಿಕ್ಸ್, ಪುರುಷರ ಟೆನಿಸ್, ಪುರುಷರ ಈಜು, ಮಹಿಳೆಯರ ಈಜು ಈ ನಾಲ್ಕು ತಂಡಗಳನ್ನು ಆ ಶೈಕ್ಷಣಿಕ ವರ್ಷದ ಅಂತ್ಯಕ್ಕೆ ನಿಲ್ಲಿಸುವುದಾಗಿ ಸಾರಿತು. ಮುಂದೆ ಅಕ್ಟೋಬರಿನಲ್ಲಿ ಬಿಗ್ ಟೆನ್ ಫುಟ್‌ಬಾಲ್ ಮರಳಿ ಆರಂಭವಾಯಿತು. ಆದರೆ ಆ ನಾಲ್ಕು ತಂಡಗಳ ಮೇಲಿನ ತೀರ್ಪು ಬದಲಾಗಲಿಲ್ಲ. ಮಹಿಳೆಯರ ಈಜು ಉಳಿದುಕೊಂಡದ್ದು ಈಜುಗಾರ್ತಿಯರು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ. ವಿದ್ಯಾಭ್ಯಾಸದಲ್ಲಿ ಹೆಣ್ಣು-ಗಂಡೆಂಬ ಭೇದವನ್ನು ನಿಷೇಧಿಸುವ 1972ರ ಕಾನೂನು ಅವರ ಕೈಹಿಡಿಯಿತು. ಪುರುಷರಿಗೆ ಆ ಆಸರೆ ಇರಲಿಲ್ಲ.

ಇದೆಲ್ಲ ರೋಗದ ತಪ್ಪೇ? ಹಾಗೆಂದು ನನಗೆ ತೋರುವುದಿಲ್ಲ. ಅದೇ ವರ್ಷದ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವು ತನ್ನ 36 ಆಟಗಳಲ್ಲಿ 11ನ್ನು ಕೈಬಿಡುವುದಾಗಿ ಪ್ರಕಟಿಸಿದಾಗ, ಕೊರತೆ ಕೋವಿಡ್‌ಗಿಂತ ಹಿಂದಿನದೆಂದು ತಾನೇ ಒಪ್ಪಿಕೊಂಡಿತ್ತು. ಕೈಬಿಡಲಿದ್ದ ಆಟಗಳಲ್ಲಿ ಕುಸ್ತಿಯೂ ಒಂದು. 2021ರ ಮಾರ್ಚಿನಲ್ಲಿ ಅಲ್ಲಿನ ಕುಸ್ತಿಪಟು ಶೇನ್ ಗ್ರಿಫಿತ್, ಕಾಲೇಜಿನ ಹೆಸರಿಲ್ಲದ ಕಪ್ಪು ಉಡುಪನ್ನು ತೊಟ್ಟು ಅಖಾಡಕ್ಕಿಳಿದು, ತನ್ನ ತೂಕದ ವರ್ಗದಲ್ಲಿ ಕಾಲೇಜು ಕ್ರೀಡೆಯ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದನು. ಹಳೆಯ ವಿದ್ಯಾರ್ಥಿಗಳೂ ಆಟಗಾರರೂ ಎಬ್ಬಿಸಿದ ಕೂಗು ಕೊನೆಗೆ ಫಲಿಸಿ, ಮೇ ತಿಂಗಳಲ್ಲಿ ಹನ್ನೊಂದೂ ಆಟಗಳು ಉಳಿದುವು. ಉಳಿಸುವ ಮನಸ್ಸಾದರೆ ದಾರಿ ಇದ್ದೇ ಇರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಫುಟ್‌ಬಾಲನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಎಷ್ಟೋ ಬಡ ಮಕ್ಕಳಿಗೆ ಅದು ವಿದ್ಯಾರ್ಥಿವೇತನ ಕೊಟ್ಟಿದೆ. ಉಳಿದ ಆಟಗಳನ್ನು ಸಾಕಿದೆ. ನನ್ನ ಆಕ್ಷೇಪಣೆ ಇಷ್ಟೇ: ಆಟವು ಶಿಕ್ಷಣದ ಅಂಗವೆಂದು ಬಾಯಲ್ಲಿ ಹೇಳುತ್ತ, ಅದರ ಅನ್ನವನ್ನು ಮಾತ್ರ ಟಿಕೆಟ್ಟಿನ ಕಿಟಕಿಗೆ ಒಪ್ಪಿಸಿದರೆ, ಬರಗಾಲ ಬಂದ ದಿನ ಮೊದಲು ಹಸಿಯುವವರು ಯಾರು? ಚಪ್ಪಾಳೆಯಿಲ್ಲದೆ ಆಡುವವರೇ. ಗ್ರಂಥಾಲಯದಿಂದ ಲಾಭವಿಲ್ಲವೆಂದು ಯಾವ ಕಾಲೇಜೂ ಅದಕ್ಕೆ ಬೀಗ ಹಾಕುವುದಿಲ್ಲ. ಈಜುಕೊಳಕ್ಕೆ ಮಾತ್ರ ಬೇರೆ ನ್ಯಾಯವೇಕೆ?

2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯವು ಒಪ್ಪಿದ ರಾಜಿಯಂತೆ, ಕಾಲೇಜುಗಳು ತಮ್ಮ ಕ್ರೀಡಾ ಆದಾಯದಲ್ಲಿ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದಾಗಿದೆ. ಬೆವರು ಸುರಿಸುವವನಿಗೆ ಪಾಲು ಸಲ್ಲುವುದು ಧರ್ಮವೇ ಸರಿ. ಆದರೆ ಬಾವಿ ಒಂದೇ ಆಗಿರುವಾಗ, ಕೊನೆಯ ಪಾತಿಗೆ ಹರಿಯುವ ನೀರು ಇನ್ನಷ್ಟು ಸಣ್ಣದಾಗದೆ ಇದ್ದೀತೇ?

ನಮ್ಮ ಕಾಲೇಜಿನಲ್ಲಿ ಅಂಥ ಬಾವಿಯೇ ಇಲ್ಲ ಎಂದು ಮಿತ್ರರು ನಕ್ಕಾರು. ನಿಜ, ನಮ್ಮದು ಪ್ರವೇಶದ ವೇಳೆಗೆ ಪ್ರತಿಯೊಬ್ಬರೂ ಕೊಡುವ ಕ್ರೀಡಾ ಶುಲ್ಕದ ಸಣ್ಣ ಕೊಡ. ಆದರೆ ಅದು ಎಲ್ಲರ ಕೊಡ. ಅದರಿಂದ ನೀರೆರೆಯುವಾಗ ಕ್ರೀಡಾ ಸಮಿತಿಯ ಹಿರಿಯರು ಜನ ಸೇರುವ ಕ್ರಿಕೆಟ್ಟನ್ನು ಮಾತ್ರವಲ್ಲದೆ, ಮೈದಾನದ ಮೂಲೆಯಲ್ಲಿ ಒಬ್ಬಳೇ ಗುಂಡೆಸೆಯುವ ಹುಡುಗಿಯನ್ನೂ ನೆನೆಯಲಿ ಎಂಬುದೇ ನನ್ನ ವಿನಂತಿ. ನೋಡುವವರಿಲ್ಲದಿದ್ದರೂ ಅವಳೂ ಈ ಕಾಲೇಜಿನ ವಿದ್ಯಾರ್ಥಿನಿಯೇ.