ವೃದ್ಧಾಶ್ರಮಗಳು: ಕರುಣೆಯೊಂದೇ ಸಾಕೆ?

2023ರ ಜನವರಿ 1ರ ನಸುಕಿನಲ್ಲಿ ದೆಹಲಿಯ ಗ್ರೇಟರ್ ಕೈಲಾಶ್ ಬಡಾವಣೆಯ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಬೆಂಕಿ ಹೊತ್ತಿಕೊಂಡು ಇಬ್ಬರು ವೃದ್ಧೆಯರು ಅಸುನೀಗಿದರು. 2011ರ ಡಿಸೆಂಬರ್ 9ರಂದು ಕೋಲ್ಕತಾದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಎದ್ದ ಬೆಂಕಿಯ ಹೊಗೆ ಮೇಲಿನ ಮಹಡಿಗಳಿಗೆ ನುಗ್ಗಿ ಸುಮಾರು 90 ಮಂದಿ ಸತ್ತಿದ್ದರು. ಹಾಸಿಗೆ ಬಿಟ್ಟು ಏಳಲಾಗದವರು ಇರುವ ಕಡೆ ರಾತ್ರಿ ಎಚ್ಚರವಿರುವ ಕೈಗಳೆಷ್ಟು ಎಂಬುದೇ ಜೀವದ ಪ್ರಶ್ನೆ.

ನಮ್ಮ ಕರಾವಳಿಗೂ ಈ ಪ್ರಶ್ನೆ ದೂರದ್ದಲ್ಲ. ಮಕ್ಕಳು ಗಲ್ಫ್, ಮುಂಬಯಿ ಎಂದು ದುಡಿಯಲು ಹೋದ ಮನೆಗಳು ನಮ್ಮ ಪ್ರತಿಯೊಂದು ವಾಳೆಯಲ್ಲಿವೆ. ಮಗ ತಪ್ಪದೆ ಹಣ ಕಳುಹಿಸುತ್ತಾನೆ, ಭಾನುವಾರ ಫೋನ್ ಮಾಡುತ್ತಾನೆ. "ಎಲ್ಲ ಚೆನ್ನಾಗಿದೆ" ಎನ್ನುತ್ತಾರೆ ತಾಯಿ. ಪಕ್ಕದಲ್ಲೇ ಸಿಬ್ಬಂದಿ ನಿಂತಿರುವಾಗ ಬೇರೇನು ಹೇಳಿಯಾರು?

ಕಾನೂನಿನ ಆಸರೆಯೂ ಅರ್ಧಕ್ಕೇ ನಿಂತಿದೆ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸರಕಾರ ಆಶ್ರಮ ಸ್ಥಾಪಿಸಬಹುದು ಎನ್ನುತ್ತದೆ, ಹೆತ್ತವರ ಹಾಗೂ ಹಿರಿಯ ನಾಗರಿಕರ ಪಾಲನೆಗಾಗಿ ಬಂದ 2007ರ ಕಾಯಿದೆ. ಸ್ಥಾಪಿಸಲೇಬೇಕು ಎಂದು ಅದು ಹೇಳುವುದಿಲ್ಲ. ಆರೈಕೆ ಕೇಂದ್ರಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟವನ್ನು ಕಡ್ಡಾಯಗೊಳಿಸಲು 2019ರಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. 2024ರಲ್ಲಿ ಆ ಲೋಕಸಭೆ ವಿಸರ್ಜನೆಯಾದಾಗಲೂ ಅದು ಕಾನೂನಾಗಿರಲಿಲ್ಲ.

ಹಾಗೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ನಮ್ಮ ಸಂಸ್ಥೆಗಳು ನಡೆಸುವ ಆಶ್ರಮಗಳಿಗೂ ಈ ಮಾತು ಅನ್ವಯಿಸುತ್ತದೆ. "ನಾವು ಮಾಡುವುದು ಸೇವೆ, ನಮ್ಮನ್ನು ಪ್ರಶ್ನಿಸುವುದೇಕೆ?" ಎಂಬ ಭಾವನೆ ಅಪಾಯಕಾರಿ. ಹಗಲಿರುಳು ದುಡಿಯುವ ಧರ್ಮಭಗಿನಿಯರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಆದರೆ ಮೂವತ್ತು ಮಂದಿ ವೃದ್ಧರನ್ನು ರಾತ್ರಿ ಒಬ್ಬರೇ ನೋಡಿಕೊಳ್ಳಬೇಕಾದರೆ ಅದು ಅವರಿಗೂ ಅನ್ಯಾಯ, ವೃದ್ಧರಿಗೂ ಅನ್ಯಾಯ.

ಹಿರಿಯರನ್ನು ಸೇರಿಸುವ ಮುನ್ನ ಕುಟುಂಬದವರು ಕೇಳಲಿ: ರಾತ್ರಿ ಎಷ್ಟು ಮಂದಿ ಎಚ್ಚರವಿರುತ್ತಾರೆ? ಹಿಂಬಾಗಿಲಿಗೆ ಬೀಗ ಹಾಕಿದರೆ ಕೀಲಿಕೈ ಯಾರ ಬಳಿ? ಔಷಧಿ ಕೊಟ್ಟದ್ದನ್ನು ಬರೆದಿಡುತ್ತಾರೆಯೆ? ಮಲಗಿದಲ್ಲೇ ಇರುವವರನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸುತ್ತಾರೆಯೆ? ತಾಯಿಯೊಡನೆ ಏಕಾಂತದಲ್ಲಿ ಮಾತನಾಡಲು ಅವಕಾಶವಿದೆಯೆ? ಒಳ್ಳೆಯ ಆಡಳಿತ ಇಂಥ ಪ್ರಶ್ನೆಗೆ ಮುಖ ಗಂಟು ಹಾಕುವುದಿಲ್ಲ.

ದೂರದ ಮಕ್ಕಳ ಪರವಾಗಿ ನಮ್ಮ ಗುರಿಕಾರರು, ಸಂತ ವಿನ್ಸೆಂಟ್ ಪಾವ್ಲ್ ಸಭೆಯ ಸದಸ್ಯರು ತಿಂಗಳಿಗೊಮ್ಮೆ, ಮುಂಚಿತವಾಗಿ ತಿಳಿಸದೆ ಭೇಟಿ ನೀಡಲಿ. ದೌರ್ಜನ್ಯ ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಲು ಹಿಂಜರಿಯಬಾರದು. ಕ್ರಿಸ್ಮಸ್ ಕೇಕು ಹಿಡಿದು ಹೋಗಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ, ಸಾಮಾನ್ಯ ದಿನವೊಂದರ ರಾತ್ರಿ ಎಂಟಕ್ಕೆ ಹೋಗಿ ಬಾಗಿಲು ತಟ್ಟುವುದು ದೊಡ್ಡ ಸೇವೆ.